ಪರ್ಯಾಯ ಉಡುಪುಗಳ ವಿದೇಶಿ ಅಂತರಜಾಲ ಖರೀದಿ: ಅಳತೆ, ಸುಂಕ ಮತ್ತು ಲಾಭದ ಲೆಕ್ಕ

ಸಿದ್ಧ ಉಡುಪಿನ ವ್ಯಾಪಾರದಲ್ಲಿ ತೊಡಗಿರುವವರು ಫ್ಯಾಷನ್ ಎಂಬುದನ್ನು ಋತುವಿನೊಡನೆ ಬಂದು ಋತುವಿನೊಡನೆ ಹೋಗುವ ಸರಕೆಂದು ಭಾವಿಸುವುದು ರೂಢಿ. ಹಬ್ಬಕ್ಕೆಂದು ತರಿಸಿದ ಮಾಲು ಹಬ್ಬದೊಳಗೆ ಖರ್ಚಾಗದಿದ್ದರೆ ರಿಯಾಯಿತಿ ಮಾರಾಟಕ್ಕೆ ಇಳಿಯಬೇಕಾಗುತ್ತದೆ. ಆದರೆ ಈ ನಿಯಮಕ್ಕೆ ಒಳಪಡದ ಒಂದು ವರ್ಗದ ಉಡುಪುಗಳಿವೆ. ಸಂಗೀತ, ಸಾಹಿತ್ಯ ಅಥವಾ ಒಂದು ಜೀವನಶೈಲಿಯ ಮೇಲಿನ ಅಭಿಮಾನದಿಂದ ಸಣ್ಣ ಸಣ್ಣ ಗುಂಪುಗಳು ತೊಡುವ ಈ ಉಡುಪುಗಳನ್ನು ವ್ಯಾಪಾರ ವಲಯದಲ್ಲಿ 'ಪರ್ಯಾಯ ಫ್ಯಾಷನ್' ಎಂದು ಕರೆಯುತ್ತಾರೆ. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ 1970ರ ದಶಕದಲ್ಲಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರೆನ್ ನಡೆಸುತ್ತಿದ್ದ ಅಂಗಡಿಯ ಸುತ್ತ ಬೆಳೆದ ಪಂಕ್ ಉಡುಗೆ, 1980ರ ದಶಕದಲ್ಲಿ ಅದೇ ನಗರದ ಸಂಗೀತ ಕ್ಲಬ್ಬುಗಳಲ್ಲಿ ರೂಪುಗೊಂಡ ಕಪ್ಪು ಬಣ್ಣದ ಗಾಥಿಕ್ ಉಡುಗೆ, ಟೋಕಿಯೋದ ಹರಾಜುಕು ಬಡಾವಣೆಯ ಲೇಸು ಮತ್ತು ಫ್ರಿಲ್‌ಗಳಿಂದ ತುಂಬಿದ ಲೋಲಿಟಾ ಉಡುಗೆ, ಇವೆಲ್ಲ ಈ ವರ್ಗಕ್ಕೆ ಸೇರಿದವು.

ಈ ಸರಕಿನ ಮಾರುಕಟ್ಟೆಗೆ ಒಂದು ವಿಶೇಷ ಲಕ್ಷಣವಿದೆ. ಯಾವುದೇ ಒಂದು ಊರಿನಲ್ಲಿ ಅದರ ಗ್ರಾಹಕರು ಬೆರಳೆಣಿಕೆಯಷ್ಟು. ಜಗತ್ತಿನ ಎಲ್ಲ ಊರುಗಳನ್ನೂ ಕೂಡಿಸಿದರೆ ಲೆಕ್ಕಕ್ಕೆ ಸಿಗುವಷ್ಟು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ತಂಡ, 2011ರಲ್ಲಿ ಮೆಟಾಲಿಕಾ ತಂಡ ಕಛೇರಿ ನಡೆಸಿದಾಗ ಸಾವಿರಾರು ಯುವಜನರು ಕಪ್ಪು ಅಂಗಿ ತೊಟ್ಟು ನೆರೆದಿದ್ದರು. ಆದರೂ ಅಂತಹ ಉಡುಪನ್ನೇ ನೆಚ್ಚಿಕೊಂಡು ಚಿಕ್ಕಪೇಟೆಯಲ್ಲಿ ಒಂದು ಮಳಿಗೆ ನಡೆಸುವುದು ಸುಲಭವಲ್ಲ. ಕಛೇರಿ ಮುಗಿದ ಮರುದಿನ ಆ ಗ್ರಾಹಕರು ಇಡೀ ನಗರದಲ್ಲಿ ಚದುರಿಹೋಗುತ್ತಾರೆ. ಆದುದರಿಂದಲೇ ಈ ವ್ಯಾಪಾರವು ಅಂತರಜಾಲವು ಬರುವ ಮೊದಲು ಅಂಚೆ ಪಟ್ಟಿಯ ಮೂಲಕ, ಬಂದ ಮೇಲೆ ವಿದೇಶಿ ಅಂತರಜಾಲ ಮಳಿಗೆಗಳ ಮೂಲಕ ನಡೆದುಬಂದಿದೆ. ಗ್ರಾಹಕನು ಮುಟ್ಟಿ ನೋಡದ, ತೊಟ್ಟು ನೋಡದ, ಕೆಲವೊಮ್ಮೆ ಓದಲಾಗದ ಭಾಷೆಯಲ್ಲಿ ವಿವರ ಬರೆದಿರುವ ಸರಕಿಗೆ ಮುಂಗಡವಾಗಿ ಪೂರ್ಣ ಹಣ ತೆರುತ್ತಾನೆ. ಈ ವ್ಯವಹಾರವು ಹೇಗೆ ನಡೆಯುತ್ತದೆ, ಅದರಲ್ಲಿನ ಲಾಭ ಯಾರ ಪಾಲಾಗುತ್ತದೆ ಎಂಬುದನ್ನು ತಿಳಿದರೆ, ಆಮದು ಮಾಡಿ ಮಾರಬೇಕೆನ್ನುವ ವರ್ತಕರಿಗೂ ಇಲ್ಲಿಯೇ ತಯಾರಿಸಿ ಹೊರಗೆ ಕಳುಹಿಸಬೇಕೆನ್ನುವ ಸಣ್ಣ ಉದ್ದಿಮೆದಾರರಿಗೂ ಪ್ರಯೋಜನವಿದೆ.

ಮಧ್ಯವರ್ತಿಯ ಉದಯ

ಇದಕ್ಕೆ ಜಪಾನಿನ ಲೋಲಿಟಾ ಉಡುಪಿನ ವ್ಯಾಪಾರವು ಅತ್ಯುತ್ತಮ ನಿದರ್ಶನ. (ಹೆಸರು ಒಂದು ಪ್ರಸಿದ್ಧ ಕಾದಂಬರಿಯದೇ ಆದರೂ ಉಡುಗೆಗೂ ಆ ಕಾದಂಬರಿಯ ವಸ್ತುವಿಗೂ ಸಂಬಂಧವಿಲ್ಲ, ಮೈತುಂಬ ಮುಚ್ಚುವ, ಮೊಣಕಾಲಿನವರೆಗಿನ ಉಬ್ಬು ಲಂಗದ, ಹಳೆಯ ಐರೋಪ್ಯ ಬಾಲಕಿಯರ ಪೋಷಾಕನ್ನು ಹೋಲುವ ಉಡುಗೆಯಿದು.) 'ಬೇಬಿ, ದ ಸ್ಟಾರ್ಸ್ ಶೈನ್ ಬ್ರೈಟ್' ಎಂಬ ಸಂಸ್ಥೆಯು 1988ರಲ್ಲಿ ಆರಂಭವಾಯಿತು. ಸಂಗೀತಗಾರ ಮಾನಾ 1999ರಲ್ಲಿ 'ಮುವಾ-ಮೆಮ್-ಮುವಾತಿಯೆ' ಎಂಬ ಗಾಥಿಕ್ ಛಾಯೆಯ ಮುದ್ರೆಯನ್ನು ಹೊರತಂದರು. 2004ರಲ್ಲಿ ತೆರೆಕಂಡ ತೆತ್ಸುಯಾ ನಕಾಶಿಮಾ ನಿರ್ದೇಶನದ 'ಕಾಮಿಕಾಝಿ ಗರ್ಲ್ಸ್' ಚಿತ್ರದ ನಾಯಕಿಯು ಈ ಉಡುಪಿನಲ್ಲೇ ಕಾಣಿಸಿಕೊಂಡಳು. ಅಮೆರಿಕ ಮತ್ತು ಯೂರೋಪಿನಲ್ಲಿ ಬೇಡಿಕೆ ಬೆಳೆಯಿತು.

ಬೇಡಿಕೆಯಿತ್ತು, ಸರಕೂ ಇತ್ತು, ನಡುವೆ ದಾರಿಯಿರಲಿಲ್ಲ. ಅನೇಕ ಜಪಾನೀ ಮಳಿಗೆಗಳು ಹೊರದೇಶದ ಕ್ರೆಡಿಟ್ ಕಾರ್ಡನ್ನು ಸ್ವೀಕರಿಸುತ್ತಿರಲಿಲ್ಲ, ಹೊರದೇಶದ ವಿಳಾಸಕ್ಕೆ ಕಳುಹಿಸುತ್ತಿರಲಿಲ್ಲ, ಜಪಾನೀ ಭಾಷೆಯಲ್ಲದ ಪತ್ರಕ್ಕೆ ಉತ್ತರವನ್ನೂ ಬರೆಯುತ್ತಿರಲಿಲ್ಲ. ಈ ಕೊರತೆಯಲ್ಲಿ ಹುಟ್ಟಿದ್ದೇ 'ಖರೀದಿ ಸೇವೆ' ಎಂಬ ಹೊಸ ಬಗೆಯ ಅಡತಿ ವ್ಯಾಪಾರ. ಮೊದಮೊದಲು ಜಪಾನಿನಲ್ಲಿ ನೆಲೆಸಿದ ವಿದೇಶೀಯರು ಬಿಡಿಬಿಡಿಯಾಗಿ ಈ ಕೆಲಸ ಮಾಡುತ್ತಿದ್ದರು. ಮುಂದೆ ಟೆನ್ಸೊ, ಬೈಯೀ, ಝೆನ್‌ಮಾರ್ಕೆಟ್ ಮುಂತಾದ ಸಂಸ್ಥೆಗಳು ಅದನ್ನು ವ್ಯವಸ್ಥಿತಗೊಳಿಸಿದವು. ಗ್ರಾಹಕನು ಸರಕಿನ ವಿವರ ನೀಡುತ್ತಾನೆ. ಮಧ್ಯವರ್ತಿಯು ತನ್ನ ಹೆಸರಿನಲ್ಲಿ ಕೊಂಡು, ತನ್ನ ಗೋದಾಮಿಗೆ ತರಿಸಿ, ಹಲವು ಮಳಿಗೆಗಳ ಪೊಟ್ಟಣಗಳನ್ನು ಒಂದೇ ಕಟ್ಟಾಗಿ ಮಾಡಿ ವಿದೇಶಕ್ಕೆ ರವಾನಿಸುತ್ತಾನೆ. ಗ್ರಾಹಕನು ಎರಡು ಬಾರಿ ಹಣ ತೆರಬೇಕು: ಮೊದಲು ಸರಕಿನ ಬೆಲೆ ಮತ್ತು ದಲ್ಲಾಳಿ, ನಂತರ ತೂಕ ನೋಡಿ ನಿರ್ಧರಿಸುವ ಸಾಗಣೆ ವೆಚ್ಚ.

ಇಲ್ಲಿ ವರ್ತಕರು ಗಮನಿಸಬೇಕಾದುದು ಒಂದಿದೆ. ಮಧ್ಯವರ್ತಿಯು ಒಂದು ಹೊಲಿಗೆಯನ್ನೂ ಹಾಕಲಿಲ್ಲ, ಒಂದು ಮೀಟರ್ ಬಟ್ಟೆಯನ್ನೂ ದಾಸ್ತಾನಿಡಲಿಲ್ಲ. ಗ್ರಾಹಕನ ಮನಸ್ಸಿನಲ್ಲಿದ್ದ ಅನುಮಾನಗಳನ್ನು ತಾನು ಹೊತ್ತುಕೊಂಡ, ಅಷ್ಟೇ. ಅದಕ್ಕೆ ದೊರೆತ ಪ್ರತಿಫಲವು ತಯಾರಕನಿಗೆ ದೊರೆಯಬಹುದಾಗಿದ್ದ ಪ್ರತಿಫಲವಾಗಿತ್ತು. ಜಪಾನಿನ ತಯಾರಕರು ವಿದೇಶಿ ಗ್ರಾಹಕನಿಗಾಗಿ ತಮ್ಮದೇ ಪುಟಗಳನ್ನು ತೆರೆಯಲು ಹಲವು ವರ್ಷ ತೆಗೆದುಕೊಂಡರು. ಅಷ್ಟರಲ್ಲಿ ಹಳೆಯ ಉಡುಪುಗಳ ಮರುಮಾರಾಟವೂ ಮಧ್ಯವರ್ತಿಗಳ ಕೈಸೇರಿತ್ತು.

ಅಳತೆಯೆಂಬ ಮೊದಲ ತೊಡಕು

ಅನುಮಾನಗಳಲ್ಲಿ ಮೊದಲನೆಯದು ಅಳತೆ. ಜಪಾನಿನ ಈ ಉಡುಪುಗಳಲ್ಲಿ ಅನೇಕವು ಒಂದೇ ಅಳತೆಯಲ್ಲಿ ಬರುತ್ತವೆ. ಬೆನ್ನಿನ ಭಾಗದಲ್ಲಿ ಇಲಾಸ್ಟಿಕ್ ದಾರದಿಂದ ಸುಕ್ಕುಹೊಲಿಗೆ ಹಾಕಿ, ಹತ್ತು-ಹದಿನೈದು ಸೆಂಟಿಮೀಟರ್ ಹಿಗ್ಗುವಂತೆ ಮಾಡಿರುತ್ತಾರೆ. ವಿವರಪಟ್ಟಿಯಲ್ಲಿ 'ಎದೆ 88ರಿಂದ 100 ಸೆಂ.ಮೀ.' ಎಂದಿದ್ದರೆ, ಅದು ಉಡುಪಿನ ಅಳತೆಯೋ ತೊಡುವವರ ದೇಹದ ಅಳತೆಯೋ ಎಂಬುದನ್ನು ಓದಿ ತಿಳಿಯಬೇಕು. ಉಡುಪಿನ ಅಳತೆಯಾಗಿದ್ದರೆ, ಉಸಿರಾಡಲು ಕೈಯಾಡಿಸಲು ಬೇಕಾದ ಸಡಿಲಿಕೆಯನ್ನು ಅದರಿಂದ ಕಳೆಯಬೇಕು. ಸುಕ್ಕುಹೊಲಿಗೆಯು ಪೂರ್ತಿ ಹಿಗ್ಗಿದಾಗಿನ ಅಂಕಿಯನ್ನು ನೆಚ್ಚಿ ತರಿಸಿದ ಉಡುಪು ಮೈಗೆ ಏರಬಹುದು, ಆದರೆ ಝಿಪ್ಪಿನ ಬಳಿ ಹೊಲಿಗೆ ಬಿಚ್ಚುತ್ತದೆ.

ಭುಜದ ಅಗಲ ಇನ್ನೂ ಕಠಿಣ. ಎದೆ ಹಿಗ್ಗಬಹುದು, ಭುಜ ಹಿಗ್ಗದು. ತೋಳಿನ ತುದಿಯ ಪಟ್ಟಿಯೂ ಹಾಗೆಯೇ. ನುರಿತ ಗ್ರಾಹಕರು ತಮ್ಮಲ್ಲಿರುವ, ಮೈಗೆ ಸರಿಹೊಂದುವ ಒಂದು ಉಡುಪನ್ನು ಮೇಜಿನ ಮೇಲೆ ಹರಡಿ, ಅಳೆದು, ಆ ಅಂಕಿಗಳೊಡನೆ ಮಳಿಗೆಯ ಪಟ್ಟಿಯನ್ನು ಹೋಲಿಸುತ್ತಾರೆ. ದೇಹದ ಅಳತೆಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹವಾದ ಕ್ರಮ.

ಪಾದರಕ್ಷೆಯಲ್ಲಿ ಜಪಾನ್ ಪಾದದ ಉದ್ದವನ್ನೇ ಸೆಂಟಿಮೀಟರಿನಲ್ಲಿ ನಮೂದಿಸುತ್ತದೆ: 23.5, 24 ಎಂಬಂತೆ. ಬ್ರಿಟನ್, ಅಮೆರಿಕ, ಯೂರೋಪಿನ ಸಂಖ್ಯೆಗಳು ಮೂರೂ ಬೇರೆ. ಭಾರತದಲ್ಲಿ ಬ್ರಿಟನ್ನಿನ ಸಂಖ್ಯೆಯೇ ರೂಢಿಯಲ್ಲಿದ್ದುದರಿಂದ, ಅಮೆರಿಕದ ಮಳಿಗೆಯಿಂದ '7' ಎಂದು ತರಿಸಿದವರಿಗೆ ಬಿಗಿಯಾದ ಬೂಟು ಬರುವುದು ಸಾಮಾನ್ಯ ಅನುಭವ. ಉಕ್ಕಿನ ಪಟ್ಟಿಗಳನ್ನು ಹಾಕಿ ಹೊಲಿದ ಕಾರ್ಸೆಟ್‌ನ ಅಂಕಿಯಂತೂ ಸೊಂಟದ ಅಳತೆಯೇ ಅಲ್ಲ. ಹುರಿಯನ್ನು ಪೂರ್ತಿ ಬಿಗಿದಾಗ ಉಡುಪು ಎಷ್ಟಕ್ಕೆ ಬರುತ್ತದೆಂಬುದು ಆ ಅಂಕಿ. ಆದುದರಿಂದ ಸಹಜ ಸೊಂಟಕ್ಕಿಂತ ಹಲವು ಅಂಗುಲ ಕಡಿಮೆಯದನ್ನೇ ತರಿಸುವ ವಾಡಿಕೆಯಿದೆ. ಇದನ್ನರಿಯದೆ ತನ್ನ ಸೊಂಟದ ಅಂಕಿಯನ್ನೇ ಬರೆದವನಿಗೆ ಸಡಿಲ ಚೀಲವೊಂದು ಬಂದು ತಲುಪುತ್ತದೆ.

ಸಣ್ಣ ತಯಾರಕರಿಗೆ ಇಲ್ಲೊಂದು ಅವಕಾಶವಿದೆ. ನಮ್ಮಲ್ಲಿನ ಘಟಕಗಳು ಎಸ್, ಎಂ, ಎಲ್ ಎಂಬ ಅಕ್ಷರಗಳನ್ನು ಹಚ್ಚಿ ಕೈತೊಳೆದುಕೊಳ್ಳುತ್ತವೆ. ಬಳ್ಳಾರಿಯ ಜೀನ್ಸ್ ಘಟಕಗಳನ್ನೇ ತೆಗೆದುಕೊಳ್ಳಬಹುದು. ಮೆಟಲ್ ಮತ್ತು ಪಂಕ್ ಸಂಗೀತದ ಅಭಿಮಾನಿಗಳು ತೊಡುವ, ಕಸೂತಿ ಬಿಲ್ಲೆಗಳನ್ನು ಹೊಲಿದ ತೋಳಿಲ್ಲದ ಡೆನಿಮ್ ಮೇಲಂಗಿಗೆ ಬೇಕಾದ ಬಟ್ಟೆಯೂ ಯಂತ್ರವೂ ಕುಶಲತೆಯೂ ಅಲ್ಲಿವೆ. ಇಲ್ಲದಿರುವುದು ಒಂದು ಅಳತೆಪಟ್ಟಿ: ಉಡುಪನ್ನು ಹರಡಿ ಅಳೆದ ಎದೆ, ಸೊಂಟ, ಭುಜ, ಬೆನ್ನಿನುದ್ದ, ತೋಳುಕುಣಿಕೆಯ ಸುತ್ತಳತೆ, ಒಗೆದ ನಂತರ ಎಷ್ಟು ಕುಗ್ಗುತ್ತದೆಂಬ ವಿವರ, ಎಷ್ಟು ಸೆಂಟಿಮೀಟರ್ ಹೆಚ್ಚುಕಡಿಮೆಯಾಗಬಹುದೆಂಬ ಹೇಳಿಕೆ. ಇದನ್ನು ಸಿದ್ಧಪಡಿಸಲು ಬಂಡವಾಳ ಬೇಕಿಲ್ಲ, ಒಂದು ಟೇಪು ಮತ್ತು ಅರ್ಧ ದಿನ ಸಾಕು. ವಿದೇಶಿ ಗ್ರಾಹಕನು ಚಿತ್ರವನ್ನು ನೋಡಿ ಆಸೆಪಡುತ್ತಾನೆ, ಪಟ್ಟಿಯನ್ನು ನೋಡಿ ಹಣ ಕೊಡುತ್ತಾನೆ.

ಮುಂಗಡದ ಮೇಲೆ ತಯಾರಿಕೆ

ಚೀನಾದ ಮಳಿಗೆಗಳು ಇದೇ ಉಡುಪನ್ನು ಬೇರೆ ರೀತಿಯಲ್ಲಿ ಮಾರಿದವು. 2003ರಲ್ಲಿ ಆರಂಭವಾದ ತಾವ್‌ಬಾವ್ ತಾಣದಲ್ಲಿನ ಸಣ್ಣ ತಯಾರಕರು ಮೊದಲು ವಿನ್ಯಾಸದ ಚಿತ್ರವನ್ನಷ್ಟೇ ಪ್ರಕಟಿಸುತ್ತಾರೆ. ಇಷ್ಟಪಟ್ಟವರು ಗೊತ್ತುಪಡಿಸಿದ ದಿನದೊಳಗೆ ಮುಂಗಡ ಕಟ್ಟುತ್ತಾರೆ. ಬಂದ ಬೇಡಿಕೆಯನ್ನು ಎಣಿಸಿ ಬಟ್ಟೆಗೆ ಮುದ್ರಣ ಹಾಕಿಸಿ, ಹೊಲಿದು ಮುಗಿಸಿದ ಮೇಲೆ ಬಾಕಿ ಹಣ ಪಡೆದು ಕಳುಹಿಸುತ್ತಾರೆ. ನಡುವೆ ತಿಂಗಳುಗಳು ಕಳೆಯುತ್ತವೆ. ಗ್ರಾಹಕನು ಕಾಯುತ್ತಾನೆ, ಏಕೆಂದರೆ ಆ ಮುದ್ರಣ ಮತ್ತೆ ಬಾರದೆಂದು ಅವನಿಗೆ ಗೊತ್ತು. ತಯಾರಕನಿಗೆ ಉಳಿಯುವ ದಾಸ್ತಾನಿಲ್ಲ, ಬಡ್ಡಿಯ ಸಾಲವೂ ಕಡಿಮೆ. ಗ್ರಾಹಕರೇ ದುಡಿಯುವ ಬಂಡವಾಳವನ್ನು ಒದಗಿಸಿದಂತಾಯಿತು. ಮದುವೆಯ ಸೀರೆಗೆ ಮುಂಗಡ ಪಡೆದು ಮಗ್ಗಕ್ಕೆ ಹಾಕಿಸುವ ನಮ್ಮ ನೇಕಾರರಿಗೆ ಈ ಪದ್ಧತಿ ಹೊಸದಲ್ಲ.

ಆದರೆ ಇದು ನಂಬಿಕೆಯ ಮೇಲೆ ನಿಂತ ವ್ಯವಹಾರ. ಹೇಳಿದ ತಿಂಗಳಿಗೆ ಸರಕು ಬಾರದಿದ್ದರೆ ಸುದ್ದಿ ಗ್ರಾಹಕರ ವಲಯದಲ್ಲಿ ಕೂಡಲೇ ಹಬ್ಬುತ್ತದೆ. ಕಾರ್ಡಿನ ಮೂಲಕ ತೆತ್ತ ಹಣದ ಬಗ್ಗೆ ಬ್ಯಾಂಕಿನಲ್ಲಿ ತಕರಾರು ಹೂಡಲು ಕಾಲಮಿತಿಯಿದ್ದು, ದೀರ್ಘ ಕಾಯುವಿಕೆಯಲ್ಲಿ ಆ ಮಿತಿ ಮೀರಿಹೋಗಬಹುದೆಂಬುದನ್ನು ಕೊಳ್ಳುವವರು ಮರೆಯಬಾರದು. ಭಾರತದ ಗ್ರಾಹಕರಿಗೆ ಇನ್ನೊಂದು ಅಡ್ಡಿಯಿದೆ: ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2020ರ ಮಾರ್ಚ್‌ನಿಂದ ಹೊಸದಾಗಿ ನೀಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರದ ಸೌಲಭ್ಯ ತಾನಾಗಿ ತೆರೆದಿರುವುದಿಲ್ಲ, ಕಾರ್ಡುದಾರನು ಕೇಳಿ ತೆರೆಸಿಕೊಳ್ಳಬೇಕು. ಚೀನಾ ಮೂಲದ ತಾಣಗಳ ಪೈಕಿ ಶೀಇನ್ ಮತ್ತು ರೋಮ್‌ವೀ 2020ರ ಜೂನ್‌ನಲ್ಲಿ, ಅಲಿಎಕ್ಸ್‌ಪ್ರೆಸ್ ಅದೇ ವರ್ಷದ ನವೆಂಬರಿನಲ್ಲಿ ಭಾರತದಲ್ಲಿ ನಿಷೇಧಕ್ಕೊಳಗಾದವು. ಶೀಇನ್ ಹೆಸರು 2025ರ ಫೆಬ್ರವರಿಯಲ್ಲಿ ರಿಲಯನ್ಸ್ ರಿಟೇಲ್ ಮೂಲಕ ಮರಳಿತು, ಆದರೆ ಭಾರತದಲ್ಲಿಯೇ ತಯಾರಾದ ಉಡುಪುಗಳೊಡನೆ.

ಕೈಸೇರುವ ಬೆಲೆ

ಎರಡನೆಯ ಅನುಮಾನ ಬೆಲೆಯದು. ಮಳಿಗೆಯ ಪುಟದಲ್ಲಿ ಕಾಣುವುದು ಸರಕಿನ ಬೆಲೆ. ಮನೆಬಾಗಿಲಿನಲ್ಲಿ ತೆರಬೇಕಾದುದು ಬೇರೆ. ಸುಂಕವನ್ನು ಸರಕಿನ ಬೆಲೆಯ ಮೇಲೆ ಮಾತ್ರ ವಿಧಿಸುತ್ತಾರೆಂಬ ತಿಳಿವಳಿಕೆ ವರ್ತಕರಲ್ಲೂ ವ್ಯಾಪಕವಾಗಿದೆ. ವಾಸ್ತವವಾಗಿ ಸರಕಿನ ಬೆಲೆ, ಸಾಗಣೆ ಮತ್ತು ವಿಮೆ ಈ ಮೂರನ್ನೂ ಕೂಡಿಸಿದ ಮೌಲ್ಯದ ಮೇಲೆ ಸುಂಕ ಬೀಳುತ್ತದೆ. 2007ರ ಕಸ್ಟಮ್ಸ್ ಮೌಲ್ಯನಿರ್ಣಯ ನಿಯಮಗಳಲ್ಲಿ ಕೊಳ್ಳುವವನಿಗೆ ಅನುಕೂಲವಾದ ಎರಡು ಅಂಶಗಳಿವೆ. ವಿಮಾನದಲ್ಲಿ ಬಂದ ಸರಕಿಗೆ, ಸಾಗಣೆಗೆ ಎಷ್ಟೇ ತೆತ್ತಿರಲಿ, ಹಡಗುಕಟ್ಟೆಯ ಬೆಲೆಯ ಶೇ. 20ಕ್ಕಿಂತ ಹೆಚ್ಚನ್ನು ಮೌಲ್ಯಕ್ಕೆ ಸೇರಿಸುವಂತಿಲ್ಲ. ಕೊಳ್ಳುವವನು ತನ್ನ ಪರವಾಗಿ ಖರೀದಿಸಲು ನೇಮಿಸಿದ ಏಜೆಂಟನಿಗೆ ತೆತ್ತ ಖರೀದಿ ದಲ್ಲಾಳಿಯನ್ನೂ ಸೇರಿಸುವಂತಿಲ್ಲ. ಮಧ್ಯವರ್ತಿಯ ಸರಕುಪಟ್ಟಿಯಲ್ಲಿ ದಲ್ಲಾಳಿಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸುವಂತೆ ಕೇಳಬೇಕಾದ ಕಾರಣ ಇದೇ.

ಒಂದು ಲೆಕ್ಕ ನೋಡಬಹುದು. ಅಂಕಿಗಳು ಉದಾಹರಣೆಗೆ ಮಾತ್ರ. ವರ್ತಕನೊಬ್ಬನು ಮಾರಾಟಕ್ಕೆಂದು ತರಿಸುವ ಒಂದು ಉಡುಪಿನ ಬೆಲೆ ವಿದೇಶದೊಳಗಿನ ಸಾಗಣೆಯೂ ಸೇರಿ 18,000 ರೂಪಾಯಿ, ವಿಮಾನ ಸಾಗಣೆ 4,500 ರೂಪಾಯಿ ಎಂದಿರಲಿ. ಬೆಲೆಯ ಶೇ. 20 ಎಂದರೆ 3,600. ಆದುದರಿಂದ ಸಾಗಣೆಯಲ್ಲಿ ಅಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕು. ವಿಮೆಯ ಮೊತ್ತ ತಿಳಿಯದಿದ್ದಲ್ಲಿ ನಿಯಮದಂತೆ ಶೇ. 1.125, ಅಂದರೆ 202 ರೂಪಾಯಿ 50 ಪೈಸೆ. ಒಟ್ಟು ಮೌಲ್ಯ 21,802 ರೂಪಾಯಿ 50 ಪೈಸೆ. ಮೂಲ ಸುಂಕ ಶೇ. 20 ಎಂದು ಹಿಡಿದರೆ 4,360 ರೂಪಾಯಿ 50 ಪೈಸೆ. ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆಯನ್ನೂ ಹಿಡಿದರೆ 436 ರೂಪಾಯಿ. ಇವೆಲ್ಲವನ್ನೂ ಕೂಡಿಸಿದ 26,599 ರೂಪಾಯಿಯ ಮೇಲೆ ಶೇ. 18ರ ಐಜಿಎಸ್‌ಟಿ 4,788 ರೂಪಾಯಿ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ದರಗಳಂತೆ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಮೀರಿದುದಕ್ಕೆ ಶೇ. 18 ಎಂಬುದು ಇಲ್ಲಿ ಅನ್ವಯಿಸಿತು. ತೆರಬೇಕಾದ ಒಟ್ಟು ಮೊತ್ತ ಸುಮಾರು 9,584 ರೂಪಾಯಿ. ಕೊರಿಯರ್ ಸಂಸ್ಥೆಯು ತನ್ನ ಸೇವಾಶುಲ್ಕವನ್ನು ಬೇರೆ ಸೇರಿಸುತ್ತದೆ. 18,000 ರೂಪಾಯಿಯ ಉಡುಪು ಕೈಸೇರುವಾಗ 32,000 ದಾಟಿರುತ್ತದೆ. ನೋಂದಾಯಿತ ವರ್ತಕನು ಐಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಮರಳಿ ಹೊಂದಿಸಿಕೊಳ್ಳಬಹುದು. ಸ್ವಂತಕ್ಕೆ ತರಿಸಿದವನಿಗೆ ಆ ದಾರಿಯಿಲ್ಲ. ಸ್ವಂತ ಬಳಕೆಯ ಪೊಟ್ಟಣಗಳಿಗೆ ವಸ್ತುಭೇದವಿಲ್ಲದ ಬೇರೆಯೇ ಶೀರ್ಷಿಕೆ, 9804, ಇದ್ದು ಅದರ ದರ ಆಗಾಗ ಬದಲಾಗಿದೆ. ಬೇಡಿಕೆ ಸಲ್ಲಿಸುವ ದಿನದ ದರವನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಇಲ್ಲಿಯೇ ಹಲವರು ಎಡವುತ್ತಾರೆ. ಸ್ವಂತ ಬಳಕೆಗೆಂದು ಘೋಷಿಸಿ ತರಿಸಿದ ಸರಕನ್ನು ಮಳಿಗೆಯಲ್ಲಿ ಮಾರುವುದು ಅಪರಾಧ. ಸ್ವಂತ ಬಳಕೆಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕಿಲ್ಲ ಎಂಬ ವಿನಾಯಿತಿಯು ವ್ಯಾಪಾರಕ್ಕೆ ಸಂಬಂಧಿಸದ ಸರಕಿಗೆ ಮಾತ್ರ. ಒಂದೇ ವಿಳಾಸಕ್ಕೆ ಒಂದೇ ಬಗೆಯ ಹತ್ತು ಬೆಲ್ಟುಗಳು ಬಂದರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. 'ಉಡುಗೊರೆ' ಎಂದು ಬರೆಯಿಸುವ ಹಳೆಯ ಉಪಾಯವೂ ನಡೆಯದು: 2019ರ ಡಿಸೆಂಬರಿನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಅಂಚೆ ಅಥವಾ ಕೊರಿಯರಿನಲ್ಲಿ ಉಡುಗೊರೆಯೆಂದು ಬರುವ ಸರಕನ್ನು, ಜೀವರಕ್ಷಕ ಔಷಧ ಮತ್ತು ರಾಖಿಯ ಹೊರತು, ನಿಷೇಧಿಸಿತು. ಬೆಲೆಯನ್ನು ಕಡಿಮೆ ನಮೂದಿಸಲು ಮಾರುವವನನ್ನು ಕೇಳುವುದು ಇನ್ನೂ ಅವಿವೇಕ. 1962ರ ಕಸ್ಟಮ್ಸ್ ಅಧಿನಿಯಮದಂತೆ ಸರಕು ಮುಟ್ಟುಗೋಲಾಗಬಹುದು, ದಂಡ ಬೀಳಬಹುದು. ದಾರಿಯಲ್ಲಿ ಕಳೆದುಹೋದರೆ ನಮೂದಿಸಿದಷ್ಟೇ ಪರಿಹಾರ ದೊರೆಯುತ್ತದೆ.

ಕಾನೂನುಬದ್ಧವಾಗಿ ತರಿಸುವ ವರ್ತಕರಿಗೆ ಭಾರತ ಮತ್ತು ಜಪಾನಿನ ನಡುವೆ 2011ರ ಆಗಸ್ಟಿನಿಂದ ಜಾರಿಯಲ್ಲಿರುವ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದಡಿ ಸುಂಕದ ರಿಯಾಯಿತಿ ಕೋರುವ ದಾರಿಯಿದೆ. ಆದರೆ ಅದಕ್ಕೆ ಮೂಲಸ್ಥಾನ ಪ್ರಮಾಣಪತ್ರ ಬೇಕು, ಮತ್ತು ಮೂಲಸ್ಥಾನವೆಂದರೆ ಮಳಿಗೆಯಿರುವ ಊರಲ್ಲ, ಉಡುಪು ತಯಾರಾದ ದೇಶ. ಟೋಕಿಯೋದ ಮುದ್ರೆ ಹೊತ್ತು ಚೀನಾದಲ್ಲಿ ಹೊಲಿದ ಉಡುಪು ಚೀನಾದ ಸರಕೇ. ಪಾದರಕ್ಷೆಯನ್ನು ಮಾರಾಟಕ್ಕೆ ತರಿಸುವವರು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಗುಣಮಟ್ಟ ನಿಯಂತ್ರಣ ಆದೇಶವನ್ನೂ ನೋಡಬೇಕು. ಅದರ ವ್ಯಾಪ್ತಿಗೆ ಬರುವ ಬೂಟುಗಳನ್ನು ತಯಾರಿಸುವ ವಿದೇಶಿ ಕಾರ್ಖಾನೆಯೇ ಭಾರತೀಯ ಮಾನಕ ಸಂಸ್ಥೆಯ ಪರವಾನಗಿ ಹೊಂದಿರಬೇಕು. ಸಣ್ಣ ಪ್ರಮಾಣದ ಆಮದಿಗೆ ಇದು ಬಹುತೇಕ ಮುಚ್ಚಿದ ಬಾಗಿಲು.

ಅತ್ತ ಕಡೆಯ ಗ್ರಾಹಕನ ಲೆಕ್ಕ

ಇಷ್ಟು ತೊಡಕು ಇಲ್ಲಿನ ಗ್ರಾಹಕನಿಗಿದ್ದರೆ, ಇಲ್ಲಿಂದ ತರಿಸುವ ವಿದೇಶಿ ಗ್ರಾಹಕನಿಗೂ ಅಷ್ಟೇ ಇದೆ. ಒಂದು ಕಾಲಕ್ಕೆ ಹಾಗಿರಲಿಲ್ಲ. ಅಮೆರಿಕವು 2016ರ ಮಾರ್ಚಿನಿಂದ 800 ಡಾಲರ್‌ವರೆಗಿನ ಪೊಟ್ಟಣಗಳನ್ನು ಸುಂಕವಿಲ್ಲದೆ ಒಳಬಿಡುತ್ತಿತ್ತು. ಆ ವಿನಾಯಿತಿಯನ್ನು ಚೀನಾ ಮತ್ತು ಹಾಂಗ್‌ಕಾಂಗ್ ಸರಕಿಗೆ 2025ರ ಮೇ 2ರಿಂದ, ಎಲ್ಲ ದೇಶಗಳ ಸರಕಿಗೆ ಅದೇ ವರ್ಷದ ಆಗಸ್ಟ್ 29ರಿಂದ ನಿಲ್ಲಿಸಲಾಯಿತು. ಸುಂಕವನ್ನು ಯಾರು ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದೆ ಭಾರತೀಯ ಅಂಚೆಯು ಆಗಸ್ಟ್ 25ರಿಂದ ಅಮೆರಿಕಕ್ಕೆ ಸರಕಿನ ಪೊಟ್ಟಣಗಳನ್ನು ಸ್ವೀಕರಿಸುವುದನ್ನು ತಡೆಹಿಡಿಯಿತು. ಅಕ್ಟೋಬರ್ 15ರಿಂದ, ಕಳುಹಿಸುವವರಿಂದಲೇ ಸುಂಕವನ್ನು ಮುಂಗಡವಾಗಿ ಪಡೆಯುವ ಏರ್ಪಾಡಿನೊಡನೆ ಸೇವೆ ಪುನರಾರಂಭವಾಯಿತು. ಐರೋಪ್ಯ ಒಕ್ಕೂಟವು 22 ಯೂರೋವರೆಗಿನ ತೆರಿಗೆ ವಿನಾಯಿತಿಯನ್ನು 2021ರ ಜುಲೈ 1ರಂದೇ ತೆಗೆದುಹಾಕಿತ್ತು. 150 ಯೂರೋವರೆಗಿನ ಸರಕಿನ ಮೇಲೂ 2026ರ ಜುಲೈ 1ರಿಂದ 3 ಯೂರೋ ಸುಂಕ ವಿಧಿಸಲು ಸದಸ್ಯ ದೇಶಗಳು 2025ರ ಡಿಸೆಂಬರಿನಲ್ಲಿ ಒಪ್ಪಿದವು. ಬ್ರಿಟನ್ನಿನಲ್ಲಿ 2021ರ ಜನವರಿಯಿಂದ 135 ಪೌಂಡ್‌ವರೆಗಿನ ಸರಕಿನ ಮೌಲ್ಯವರ್ಧಿತ ತೆರಿಗೆಯನ್ನು ಮಾರಾಟದ ವೇಳೆಯಲ್ಲೇ ವಸೂಲು ಮಾಡುವ ಹೊಣೆ ಮಾರುವವನ ಮೇಲೆ, ದೊಡ್ಡ ತಾಣದ ಮೂಲಕ ಮಾರಿದರೆ ಆ ತಾಣದ ಮೇಲೆ ಬಿದ್ದಿದೆ.

ಇದರ ಅರ್ಥವೇನೆಂದರೆ, 'ಸುಂಕವು ಗ್ರಾಹಕರ ಹೊಣೆ' ಎಂದು ಒಂದು ಸಾಲು ಬರೆದು ಸುಮ್ಮನಾಗುವ ಮಾರಾಟಗಾರನ ಕಾಲ ಮುಗಿದಿದೆ. ಅಂಚೆಯವನು ಬಾಗಿಲಿನಲ್ಲಿ ಹಣ ಕೇಳಿದಾಗ ಗ್ರಾಹಕನು ಪೊಟ್ಟಣವನ್ನು ನಿರಾಕರಿಸಿದರೆ, ಎರಡೂ ಕಡೆಯ ಸಾಗಣೆ ತಯಾರಕನ ತಲೆಗೆ ಬರುತ್ತದೆ. ಸುಂಕ ಸೇರಿಸಿದ ಒಂದೇ ಬೆಲೆಯನ್ನು ಹೇಳಬಲ್ಲವನು ತುಸು ದುಬಾರಿಯಾದರೂ ಗ್ರಾಹಕನಿಗೆ ಬೇಕಾದವನು. ಜಪಾನಿನಲ್ಲಿ ಮಧ್ಯವರ್ತಿಯು ಗಳಿಸಿದ ಪಾಲು ಇಂತಹ ನಿಶ್ಚಯದ ಬೆಲೆಯೇ ಆಗಿತ್ತು.

ಕಳುಹಿಸುವ ಕಡೆಯ ಅನುಕೂಲಗಳು ಮಾತ್ರ ಹಿಂದಿಗಿಂತ ಉತ್ತಮಗೊಂಡಿವೆ. 2022ರಿಂದ ಸ್ಥಾಪನೆಯಾಗುತ್ತ ಬಂದ ಅಂಚೆ ಮನೆ ರಫ್ತು ಕೇಂದ್ರಗಳಲ್ಲಿ ಅಂಚೆಯ ರಫ್ತು ಪತ್ರವನ್ನು ಗಣಕದ ಮೂಲಕವೇ ಸಲ್ಲಿಸಬಹುದು. ಕೊರಿಯರ್ ಮೂಲಕದ ರಫ್ತಿನ ಮಿತಿಯನ್ನು 2023ರ ವಿದೇಶ ವ್ಯಾಪಾರ ನೀತಿಯು ಪ್ರತಿ ರವಾನೆಗೆ 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು; ಒಂದೊಂದು ಉಡುಪು ಕಳುಹಿಸುವವರಿಗೆ ಅಷ್ಟು ಬೇಕಾಗುವುದೂ ಇಲ್ಲ.

ಸರಕಿನ ಗುಣ, ವಿನ್ಯಾಸದ ಒಡೆತನ

ಪರ್ಯಾಯ ಉಡುಪಿನಲ್ಲಿ ಕಪ್ಪು ಬಣ್ಣವೂ ಲೋಹದ ಬಿಡಿಭಾಗಗಳೂ ಹೆಚ್ಚು; ದೂರುಗಳು ಬರುವುದೂ ಅವುಗಳಿಂದಲೇ. ಗಾಢ ಕಪ್ಪು ಬಟ್ಟೆಯ ಬಣ್ಣವು ಬೆವರಿಗೆ, ಉಜ್ಜಿಗೆ ಬಿಡದಂತಿರಬೇಕಾದರೆ ಬಣ್ಣಹಾಕಿದ ನಂತರದ ತೊಳೆತ ಸರಿಯಾಗಿ ಆಗಬೇಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುವ ಪರೀಕ್ಷೆಯನ್ನು ಯಾವ ಘಟಕವೂ ಮಾಡಬಹುದು. ಕೆಲವು ಆಝೋ ಬಣ್ಣಗಳನ್ನು ಭಾರತ ಸರ್ಕಾರವೇ 1990ರ ದಶಕದಲ್ಲಿ ನಿಷೇಧಿಸಿದೆ. ಇನ್ನು ಕಿವಿಯೋಲೆ, ಕೊರಳಪಟ್ಟಿ, ಬೆಲ್ಟಿನ ಬಕಲ್ ಮುಂತಾಗಿ ಚರ್ಮಕ್ಕೆ ತಾಗಿಕೊಂಡಿರುವ ಲೋಹದಿಂದ ಹೊರಬರುವ ನಿಕ್ಕೆಲ್, ಐರೋಪ್ಯ ನಿಯಮದಂತೆ, ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ ಮೀರುವಂತಿಲ್ಲ. ಚುಚ್ಚಿದ ರಂಧ್ರದಲ್ಲಿ ತೊಡುವ ಕಡ್ಡಿಗೆ ಮಿತಿ 0.2. ಅಗ್ಗದ ನಿಕ್ಕೆಲ್ ಲೇಪನವು ಇಲ್ಲಿ ಉತ್ತೀರ್ಣವಾಗುವುದು ಕಷ್ಟ. 2024ರ ಡಿಸೆಂಬರ್ 13ರಿಂದ ಅನ್ವಯವಾದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮದಂತೆ ಒಕ್ಕೂಟದೊಳಗೆ ಹೊಣೆಗಾರನೊಬ್ಬನ ಹೆಸರು-ವಿಳಾಸವನ್ನೂ ಸರಕಿನೊಡನೆ ನೀಡಬೇಕು. ಸಣ್ಣ ತಯಾರಕನು ಒಂಟಿಯಾಗಿ ಇದನ್ನು ಹೊರುವುದಕ್ಕಿಂತ, ಹತ್ತು ಘಟಕಗಳು ಕೂಡಿ ಒಬ್ಬ ಪ್ರತಿನಿಧಿಯನ್ನು ನೇಮಿಸಿಕೊಳ್ಳುವುದು ಲೇಸು.

ಮಾದರಿಗೆಂದು ಒಂದು ಉಡುಪು ತರಿಸಿ, ಅದರಂತೆಯೇ ನೂರು ಹೊಲಿಸಿ ಮಾರುವ ಚಾಳಿಯ ಬಗ್ಗೆ ಎರಡು ಮಾತು ಅಗತ್ಯ. ಚೀನಾದ ಕೆಲವು ತಯಾರಕರು ಜಪಾನಿನ ಮುದ್ರಣಗಳನ್ನು ಯಥಾವತ್ತಾಗಿ ನಕಲು ಮಾಡಿ ಅಗ್ಗಕ್ಕೆ ಮಾರಿದರು. ಹಣ ಬಂತು, ಆದರೆ ಈ ಉಡುಪಿನ ನಿಷ್ಠಾವಂತ ಗ್ರಾಹಕರಲ್ಲಿ ಅನೇಕರು ಅವರನ್ನು ದೂರವಿಟ್ಟರು. ಸ್ವಂತ ವಿನ್ಯಾಸ ಮಾಡಿದ ಚೀನೀ ಮಳಿಗೆಗಳೇ ಮುಂದೆ ಹೆಸರು ಗಳಿಸಿದವು. ಭಾರತದ ಕೃತಿಸ್ವಾಮ್ಯ ಅಧಿನಿಯಮದ 15ನೇ ಕಲಮಿನಂತೆ, ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದರೂ ನೋಂದಾಯಿಸದೆ ಬಿಟ್ಟ ರಚನೆಯನ್ನು ಒಡೆಯನೇ ಉದ್ದಿಮೆಯ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಆ ರಚನೆಯ ಕೃತಿಸ್ವಾಮ್ಯ ಅಳಿಯುತ್ತದೆ. ನಕಲುಗಾರನಿಗೆ ಇದು ಅಭಯವೆಂದು ತಿಳಿಯಬಾರದು. ಮೂಲ ತಯಾರಕನು ವಿನ್ಯಾಸವನ್ನು ನೋಂದಾಯಿಸಿರಬಹುದು, ಮುದ್ರೆಯ ಹಕ್ಕು ಬೇರೆಯೇ ಇರುತ್ತದೆ. ಇಲ್ಲಿನ ತಯಾರಕರು ಇದರಿಂದ ಕಲಿಯಬೇಕಾದುದು, ಸ್ವಂತ ವಿನ್ಯಾಸವನ್ನು ಮಾರುಕಟ್ಟೆಗೆ ಬಿಡುವ ಮೊದಲೇ 2000ದ ವಿನ್ಯಾಸ ಅಧಿನಿಯಮದಡಿ ನೋಂದಾಯಿಸುವುದು. ಪ್ರಕಟವಾದ ಮೇಲೆ ಅದು ಹೊಸತೆನಿಸುವುದಿಲ್ಲ.

ಹಿಂದಿರುಗುವ ಸರಕು

ಐರೋಪ್ಯ ಗ್ರಾಹಕನಿಗೆ ಅಂತರಜಾಲದಲ್ಲಿ ಕೊಂಡುದನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕಿದೆ. ಅವನು ನೀಡಿದ ಅಳತೆಗೆ ಹೊಲಿದ ಉಡುಪಿಗೆ ಮಾತ್ರ ಈ ಹಕ್ಕು ಅನ್ವಯಿಸದು. ಅಳತೆ ಪಡೆದು ಹೊಲಿಯುವ ಪದ್ಧತಿಯು ಸಣ್ಣ ಘಟಕಕ್ಕೆ ಲಾಭಕರವಾಗಲು ಇದೂ ಒಂದು ಕಾರಣ. ಆದರೆ ತಪ್ಪು ತಯಾರಕನದಾದರೆ ವಿನಾಯಿತಿಯಿಲ್ಲ. ಹಿಂದಿರುಗಿ ಬಂದ ಉಡುಪು ಭಾರತವನ್ನು ಪ್ರವೇಶಿಸುವಾಗ ಮತ್ತೆ ಆಮದೆಂದೇ ಎಣಿಕೆಯಾಗುತ್ತದೆ. 2017ರ ಜೂನ್ 30ರ 45ನೇ ಸಂಖ್ಯೆಯ ಕಸ್ಟಮ್ಸ್ ಅಧಿಸೂಚನೆಯಂತೆ, ಮೂರು ವರ್ಷದೊಳಗೆ ಮರಳಿದ, ಕಳುಹಿಸಿದ ಸರಕೇ ಎಂದು ಗುರುತಿಸಬಹುದಾದ ವಸ್ತುವಿಗೆ ಸುಂಕದ ವಿನಾಯಿತಿ ದೊರೆಯುತ್ತದೆ. ರಫ್ತಿನ ವೇಳೆ ಪಡೆದ ತೆರಿಗೆ ಮರುಪಾವತಿಯನ್ನಷ್ಟೇ ಹಿಂದೆ ಕಟ್ಟಬೇಕು. ಗುರುತಿಸಲು ಆಧಾರ ಬೇಕಾದ್ದರಿಂದ ಪ್ರತಿ ಉಡುಪಿಗೂ ಒಂದು ಕ್ರಮಸಂಖ್ಯೆಯನ್ನು ಒಳಪಟ್ಟಿಯಲ್ಲಿ ಹೊಲಿದು, ಅದೇ ಸಂಖ್ಯೆಯನ್ನು ಸರಕುಪಟ್ಟಿಯಲ್ಲೂ ರಫ್ತು ಪತ್ರದಲ್ಲೂ ನಮೂದಿಸಿ, ಆ ಪತ್ರಗಳ ಪ್ರತಿಗಳನ್ನು ಕನಿಷ್ಠ ಮೂರು ವರ್ಷ ಕಡತದಲ್ಲಿ ಇಟ್ಟುಕೊಳ್ಳಬೇಕು.